ತಾಟು ಖಾಲಿ ಬರಬಾರದು

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೈಸಿಕೊಳ್ಳುವುದು ಕಷ್ಟವಲ್ಲ, ಚಹಾ ಕುಡಿಯುವುದು ಕಷ್ಟ. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಬಾಗಿಲಿಗೆ ಬಂದವನಿಗೆ ‘ಇಲ್ಲ’ ಎಂದು ಹೇಳುವ ಮೊದಲು ಚಹಾ ಕೊಡುತ್ತಾರೆ. ಮಳೆ, ಬೆಳೆ, ನೂಲಿನ ದರ, ಮಗಳ ಮದುವೆ, ಎಲ್ಲ ಮಾತಾಗುತ್ತದೆ. ಕಪ್ಪು ಕೆಳಗಿಟ್ಟ ಮೇಲೆ "ಈ ಸಲ ಆಗಂಗಿಲ್ರಿ" ಅನ್ನುತ್ತಾರೆ. ತೇರದಾಳದಲ್ಲಿ ಒಮ್ಮೆ ಮಧ್ಯಾಹ್ನದೊಳಗೆ ಹದಿನಾಲ್ಕು ಕಪ್ಪು ಕುಡಿದು, ಕೈಯಲ್ಲಿ ಏನೂ ಇಲ್ಲದೆ, ಹೊಟ್ಟೆ ಹಿಡಿದುಕೊಂಡು ಜಮಖಂಡಿ ಬಸ್ಸು ಹತ್ತಿದವನು ನಾನು. ಆದ್ದರಿಂದ ಅರ್ಧ ಕಪ್ಪು ಕೇಳಲು ಕಲಿಯಿರಿ. ಉಳಿದದ್ದು ತಾನಾಗಿ ಬರುತ್ತದೆ.

ನನ್ನ ಹೆಸರು ಸಾಮುವೇಲ. ಊರ ಬಾಯಲ್ಲಿ ಶಾಮೇಲಪ್ಪ. ಐದನೇ ಇಯತ್ತೆಗೆ ಶಾಲೆ ಬಿಟ್ಟೆ. ಬನಹಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಪಾವರ್‌ಲೂಮ್ ನಡೆಸಿದೆ. ಒಂದೇ ಹೊತ್ತಿಗೆ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದೆ, ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಬೆನ್ನು ತಿರುಗಿಸಿ ನಿಂತಾಗಲೂ ತಿಳಿಯುತ್ತಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆದರೆ ಸುಳ್ಳೂ ಹೇಳುತ್ತಿಲ್ಲ. ಆ ಸದ್ದಿನಲ್ಲಿ ಕಿವಿ ಸ್ವಲ್ಪ ಮಂದವಾಯಿತು, ದನಿ ದೊಡ್ಡದಾಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪಾಸ್ಟರ್ ಅವರು ನನ್ನನ್ನು ಕರೆದು, "ಶಾಮೇಲಪ್ಪ, ನಿಮ್ಮ ದನಿ ದೇವರ ಕೆಲಸಕ್ಕ ಬೇಕಾಗೇತಿ" ಅಂದರು. ಹಾಡಿಗೆ ಇರಬೇಕು ಅಂದುಕೊಂಡು ಖುಷಿಪಟ್ಟೆ. ಚಂದಾ ಎತ್ತುವುದಕ್ಕೆ ಅಂತ ಆಮೇಲೆ ತಿಳಿಯಿತು.

ನಮ್ಮ ಸಭೆಯವರು ಜಮಖಂಡಿಯ ಅಂಚಿನಲ್ಲಿ ಮನೆಯಿಲ್ಲದವರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು, ಮಕ್ಕಳು ಹೊರಗೆ ಹಾಕಿದವರು, ತಮ್ಮ ಊರು ಯಾವುದೆಂದೇ ಮರೆತವರು ಅಲ್ಲಿದ್ದರು. ಜಾತಿ ಧರ್ಮ ಯಾರೂ ಕೇಳುತ್ತಿರಲಿಲ್ಲ. ಊರವರು ಅದನ್ನು ‘ಪಾದ್ರಿ ಮನಿ’ ಎನ್ನುತ್ತಿದ್ದರು. ವರ್ಷದ ಖರ್ಚಿನ ದೊಡ್ಡ ಪಾಲು ಧಾರವಾಡದಲ್ಲಿರುವ ನಮ್ಮ ಸಭೆಗಳ ಬೋರ್ಡಿನಿಂದ ಬರುತ್ತಿತ್ತು, ಉಳಿದದ್ದನ್ನು ಊರೂರು ತಿರುಗಿ ತರುವವನು ನಾನು.

ಮೊದಲ ಆರು ತಿಂಗಳು ನನ್ನಷ್ಟು ಕೆಟ್ಟ ಚಂದಾದವನು ಈ ನಾಲ್ಕು ಊರಲ್ಲಿ ಇರಲಿಲ್ಲ. ದುಡಿದು ತಿಂದ ಕೈ, ಚಾಚಲು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಮನೆಯ ವಿಷಯವನ್ನೆಲ್ಲ ದೊಡ್ಡ ದನಿಯಲ್ಲಿ ವಾರ್ತೆ ಓದಿದ ಹಾಗೆ ಹೇಳಿ, ನಮಸ್ಕಾರ ಮಾಡಿ ಹೊರಟುಬಿಡುತ್ತಿದ್ದೆ. ಒಮ್ಮೆ ಪಾಸ್ಟರ್ ಅವರೂ ಜೊತೆಗೆ ಬಂದರು. ಮೂರು ಮನೆ ಆದ ಮೇಲೆ ನನ್ನ ಭುಜ ಹಿಡಿದು ನಿಲ್ಲಿಸಿದರು.

"ಎಲ್ಲಾ ಛಲೋ ಹೇಳಿದ್ರಿ. ಆದ್ರ ಕೇಳೇ ಇಲ್ಲಲ್ರಿ?"

"ಏನ ಕೇಳೂದ್ರಿ?"

"ಚಂದಾ!"

"ಅವರಿಗೆ ತಿಳೀಬೇಕ್ರಿ" ಅಂದೆ. ಪಾಸ್ಟರ್ ಅವರು ರಸ್ತೆಯ ಮಧ್ಯೆ ನಿಂತು ಕಣ್ಣೀರು ಬರುವ ಹಾಗೆ ನಕ್ಕರು.

ಮುಧೋಳದ ಮಾತು ಹೇಳದೆ ಮುಂದೆ ಹೋಗಲಾರೆ. ಬೇರೆ ಊರಿನಲ್ಲಿ ನಾಯಿ ಬೆನ್ನು ಹತ್ತಿದರೆ ಓಡಬಹುದು. ಮುಧೋಳದಲ್ಲಿ ಓಡಿ ಉಪಯೋಗವಿಲ್ಲ, ಅಲ್ಲಿಯ ನಾಯಿಗಳು ಹುಟ್ಟಿದ್ದೇ ಓಡುವುದಕ್ಕೆ. ಒಬ್ಬ ಗೌಡರ ತೋಟದ ಮನೆಗೆ ಹೋಗಿದ್ದೆ. ಸೊಂಟವೇ ಇಲ್ಲದಂಥ ಎರಡು ಬಡಕಲು ನಾಯಿಗಳು ಎದ್ದು ಬಂದವು. ನಾನು ಕಬ್ಬಿನ ಗದ್ದೆಯ ಸುತ್ತ ಒಂದು ಪೂರ್ತಿ ಸುತ್ತು ಓಡಿದೆ. ಅವು ಅಕ್ಕಪಕ್ಕದಲ್ಲಿ, ನನ್ನನ್ನು ಎಲ್ಲಿಗೋ ಕಳಿಸಿಕೊಡಲು ಬಂದ ನೆಂಟರ ಹಾಗೆ, ಹಗುರವಾಗಿ ಓಡಿ ಬಂದವು. ಗೌಡರು ಬೆಲ್ಲದ ಗಾಣದ ಹತ್ತಿರ ಕುಳಿತು ನೋಡುತ್ತಿದ್ದರು.

"ಹೆದರಬ್ಯಾಡ್ರಿ, ಅವು ಕಚ್ಚಂಗಿಲ್ಲ. ಬರೇ ಓಡಸ್ತಾವ!"

"ಅದನ್ನ ಮೊದಲ ಹೇಳಬಾರದೇನ್ರಿ ಗೌಡ್ರ?"

"ಹೇಳಿದ್ರ ನೀವು ನಿಂದರತಿದ್ರಿ. ಅವಕ್ಕೂ ವ್ಯಾಯಾಮ ಆಗಬೇಕಲ್ರಿ."

ಅಂದು ಅವರು ನಾನು ಹೊರಲಾರದಷ್ಟು ಬೆಲ್ಲ ಕೊಟ್ಟರು. ಪ್ರತಿ ವರ್ಷ ಗಾಣ ಹೂಡಿದಾಗ ಹೇಳಿ ಕಳಿಸುತ್ತಿದ್ದರು, "ಓಡೂ ಸಾಹೇಬ್ರು ಬರಲಿ" ಎಂದು. ನಾನು ಹೋಗುತ್ತಿದ್ದೆ. ಓಡುತ್ತಿದ್ದೆ ಕೂಡ. ಮನುಷ್ಯನಿಗೆ ನಗು ಬಂದರೆ ಕೈ ಸಡಿಲಾಗುತ್ತದೆ ಎನ್ನುವುದನ್ನು ನನಗೆ ಕಲಿಸಿದ್ದು ಆ ಎರಡು ನಾಯಿಗಳು.

ಬೀಳಗಿ ಕಡೆಯಲ್ಲಿ ಬೇರೆ ಪಾಠವಾಯಿತು. ಅಲ್ಲಿ ಹಿನ್ನೀರಿನಲ್ಲಿ ಊರು ಮುಳುಗಿ, ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಕೊಂಡ ಒಬ್ಬ ಹಿರಿಯರ ಮುಂದೆ ಕುಳಿತು, "ಮನೆ ಇಲ್ಲದವರ ಸಂಕಟ ಎಂಥಾದ್ದು ಅಂದ್ರ..." ಎಂದು ನನ್ನ ವಾರ್ತೆ ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ತಮ್ಮಾ, ಮನಿ ಹೋಗೂದು ಅಂದ್ರ ಏನಂತ ನಮಗ ಹೇಳಾಕ ಬರಬ್ಯಾಡ. ನಿಮ್ಮಲ್ಲಿ ಏನ ಕೊರತಿ ಐತಿ, ಅದನ್ನಷ್ಟ ಹೇಳು."

ಆಗ ನೆನಪಾದದ್ದು ಒಂದೇ. "ಮುಂಬಾಗಿಲು ಗೆದ್ದಲು ಹಿಡದೈತ್ರಿ" ಅಂದೆ.

ಅವರು ಎದ್ದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಒರಗಿಸಿದ್ದ ಸಾಗುವಾನಿ ಬಾಗಿಲು, ಚೌಕಟ್ಟಿನ ಸಮೇತ. ನೀರು ಬರುವ ಮೊದಲು ಹಳೆಯ ಮನೆಯಿಂದ ಕಿತ್ತು ತಂದದ್ದು. ಹೊಸ ಮನೆಗೆ ಎತ್ತರ ಹೆಚ್ಚಾಗಿ ಹೊಂದಲಿಲ್ಲವಂತೆ. "ಮಾರಾಕ ಮನಸ್ಸಾಗಲಿಲ್ಲ. ಒಂದ ಮನಿಗೇ ಹೋಗಲಿ ಅಂತ ಇಟ್ಟಿದ್ದೆ. ಒಯ್ಯಿ" ಅಂದರು. ನಮ್ಮ ಮನೆಗೂ ಅದು ಹೊಂದಲಿಲ್ಲ. ಗೋಡೆ ಒಡೆದು ಬಾಗಿಲಿಗೆ ತಕ್ಕಂತೆ ಎತ್ತರಿಸಿದೆವು. ಅಂದಿನಿಂದ ನಾನು ಸಂಕಟ ವರ್ಣಿಸುವುದನ್ನು ಬಿಟ್ಟೆ. ಏನು ಬೇಕು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ರೂಢಿಸಿಕೊಂಡೆ. ನೀವೂ ಹಾಗೇ ಮಾಡಿ.

ನನ್ನ ಮೇಲಿನವರ ಬಗ್ಗೆ ಹೇಳಬೇಕು. ಬೋರ್ಡಿನ ಕಾರ್ಯದರ್ಶಿ ಜಯಕರ ಸಾಹೇಬರು ಧಾರವಾಡದವರು, ಬಹಳ ಓದಿದವರು, ಒಳ್ಳೆಯವರು. ಅವರಿಗೆ ಕಾಗದದ ಮೇಲೆ ನಂಬಿಕೆ. ಮೊದಲು ರಸೀದಿ ಪುಸ್ತಕ ಇತ್ತು. ಅವರು ಬಂದ ಮೇಲೆ ಬಣ್ಣದ ಕರಪತ್ರ ಬಂತು, ಅದರ ಮೇಲೆ ನಮ್ಮ ಮನೆಯ ಅಜ್ಜ ಅಜ್ಜಿಯರ ಅಳುಮುಖದ ಚಿತ್ರ. ಅಜ್ಜಿಯರಲ್ಲಿ ಒಬ್ಬಳಾದ ನೀಲವ್ವ ಅದನ್ನು ನೋಡಿ, "ಫೋಟೋ ತಗಿಯೂ ಮುಂದ ಬಿಸಲಾಗ ನಿಂದರಿಸಿದ್ರು, ಕಣ್ಣಾಗ ನೀರ ಬಂತು. ನಾ ಎಲ್ಲಿ ಅತ್ತೇನಿ?" ಎಂದು ಜಗಳ ತೆಗೆದಿದ್ದಳು. ಆಮೇಲೆ ಮೊಬೈಲಿನಿಂದ ದುಡ್ಡು ಹಾಕುವ ಸ್ಕ್ಯಾನ್ ಚೀಟಿ ಬಂತು. ಅದನ್ನು ಕೊರಳಿಗೆ ಹಾಕಿಕೊಂಡು ತಿರುಗಿದೆ. ಹಿಂದೆ ಜನ ‘ಇಲ್ಲ’ ಅನ್ನಲು ಚಹಾವನ್ನಾದರೂ ಕೊಡುತ್ತಿದ್ದರು. ಈಗ "ನೆಟ್ವರ್ಕ್ ಇಲ್ರಿ" ಅಂದರೆ ಮುಗಿಯಿತು.

ಇಷ್ಟಾದರೂ ದಿನ ನಡೆಯುತ್ತಿತ್ತು. ಆಮೇಲೆ ರೋಗ ಬಂತು, ಎಲ್ಲ ಬಂದ್ ಆಯಿತು. ಅದು ಸರಿದ ಮೇಲೆ ನೂಲಿನ ದರ ಏರಿತು, ಸೀರೆಗೆ ಗಿರಾಕಿ ಇಲ್ಲ. ಬನಹಟ್ಟಿಗೆ ಹೋಗಿ ಬಸ್ಸಿಳಿದರೆ ಊರು ಮೌನವಾಗಿತ್ತು. ಇಪ್ಪತ್ತೆರಡು ವರ್ಷ ಮಗ್ಗದ ಸದ್ದು ಕೇಳಿದ ನನಗೆ ಆ ಮೌನ ಕಿವಿಗೆ ಹೊಡೆದ ಹಾಗಾಯಿತು. ಪ್ರತಿ ವರ್ಷ ಕೈತುಂಬ ಕೊಡುತ್ತಿದ್ದ ಮಗ್ಗದ ಮಾಲಕರೊಬ್ಬರು ಲುಂಗಿ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ, "ಶಾಮೇಲಪ್ಪ, ಇನ್ನೊಂದ ಆರ ತಿಂಗಳು ಹಿಂಗ ನಡದ್ರ ನಿಮ್ಮ ಮನ್ಯಾಗ ನನಗೂ ಒಂದ ಖಾಟ್ ಇಡ್ರಿ" ಅಂದು ನಕ್ಕರು. ನಾನೂ ನಕ್ಕೆ. ಕೇಳದೆ ಎದ್ದು ಬಂದೆ.

ಆ ಆಷಾಢದಲ್ಲಿ ಧಾರವಾಡದಿಂದ ಪತ್ರ ಬಂತು. ಬೋರ್ಡಿಗೇ ಹಣ ಬರುವುದು ನಿಂತಿತ್ತು. ಊರಿನಿಂದಲೇ ಊಟದ ವ್ಯವಸ್ಥೆ ಆಗದಿದ್ದರೆ ಮುಂದಿನ ತಿಂಗಳ ಕೊನೆಯ ವಾರ ಗಾಡಿ ಕಳಿಸುತ್ತೇವೆ, ಇರುವ ಇಪ್ಪತ್ತಮೂರು ಜನರನ್ನು ದೂರದ ದೊಡ್ಡ ಊರಿನ ಇನ್ನೊಂದು ಮನೆಗೆ ಸೇರಿಸಿ, ಇಲ್ಲಿಯದನ್ನು ಮುಚ್ಚೋಣ ಎಂದು ಬರೆದಿದ್ದರು.

ಮನೆ ನೋಡಿಕೊಳ್ಳುತ್ತಿದ್ದ ಎಸ್ತೇರಮ್ಮ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಪತ್ರ ಓದಿದರು. ಮೊದಲು ಕೇಳಿದವಳು ನೀಲವ್ವ. "ಅಲ್ಲಿ ರೊಟ್ಟಿ ಬಡೀತಾರೇನ?"

"ಇಲ್ಲಬೇ. ಅಲ್ಲಿ ಅನ್ನ."

"ಹಂಗಾರ ನಾ ಬರಂಗಿಲ್ಲ, ಹೇಳಿಬಿಡ ಅವರಿಗೆ."

ಎಲ್ಲರೂ ನಕ್ಕರು. ನೀಲವ್ವ ಬನಹಟ್ಟಿಯವಳು, ಮಗ್ಗಗಳಿಗೆ ಕಂಡಕಿ, ಅಂದರೆ ಲಾಳಿಯೊಳಗಿನ ನೂಲಿನ ಉರುಳೆ, ಸುತ್ತಿ ಬದುಕಿದವಳು. ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ನಮ್ಮ ಬೆಳಗಿನ ಪ್ರಾರ್ಥನೆಗೆ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು. "ಗಂಡನ ಮನಿ ಬಿಟ್ನಿ. ಮಗ್ಗದ ಶೆಡ್ಡಿನ ಮೂಲಿ ಬಿಟ್ನಿ. ಮೂರನೇ ಸಲ ಮನಿ ಬಿಡೂದು ನನ್ನ ಕಡಿಂದ ಆಗಂಗಿಲ್ಲೋ ತಮ್ಮಾ."

ಮರುದಿನದಿಂದ ನಾನು ಹುಚ್ಚನ ಹಾಗೆ ತಿರುಗಿದೆ. ಎಲ್ಲ ಕಡೆ ಚಹಾ. ಕೊನೆಗೆ ಚಿಕ್ಕಪಡಸಲಗಿಗೆ ಹೋದೆ. ಕೃಷ್ಣಾ ಹೊಳೆಗೆ ರೈತರೇ ಸೇರಿ ಬ್ಯಾರೇಜು ಕಟ್ಟಿಕೊಂಡ ಊರು ಅದು. ಆ ಕಾಲಕ್ಕೆ ಊರೂರು ತಿರುಗಿ ವಂತಿಗೆ ಎತ್ತಿದ್ದ ಒಬ್ಬ ಅಜ್ಜ ಇದ್ದರು. ನನ್ನ ಕಥೆಯನ್ನು ಕಣ್ಣು ಮುಚ್ಚಿ ಕೇಳಿದರು.

"ಹೊಳಿಗೆ ಒಡ್ಡ ಹಾಕತೀವಿ ಅಂತ ನಾವು ಹೋದಾಗ ಮಂದಿ ಮೊದಲ ಏನ ಕೇಳತಿದ್ರು ಗೊತ್ತೇನ? ‘ನೀ ಏನ ಹಾಕೀದಿ?’ ಅಂತ. ನಾ ನನ್ನ ಎತ್ತು ಮಾರಿದ ದುಡ್ಡ ಹಾಕೀನಿ ಅಂತಿದ್ದೆ, ಆಮ್ಯಾಲ ಅವರು ಕಿಸೆದಾಗ ಕೈ ಹಾಕತಿದ್ರು. ನಿಮ್ಮ ಮನ್ಯಾಗಿನ ಮಂದಿ ಏನ ಹಾಕ್ಯಾರ?"

"ಅವರ ಕಡೆ ಏನೈತ್ರಿ ಅಜ್ಜಾರ? ಏನೂ ಇಲ್ಲದವರವರು."

"ಏನೂ ಇಲ್ಲದಾಂವ ಇನ್ನೂ ಹುಟ್ಟಿಲ್ಲ. ಹೋಗಿ ನೋಡು" ಅಂದು ಮಜ್ಜಿಗೆ ಕೊಟ್ಟು ಕಳಿಸಿದರು. ಚಹಾ ಅಲ್ಲದ್ದನ್ನು ಕೊಟ್ಟ ಒಂದೇ ಮನೆ ಅದು.

ಮನೆಗೆ ಬಂದು ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕುಳಿತು ಇದನ್ನು ಎಸ್ತೇರಮ್ಮನಿಗೆ ಹೇಳುತ್ತಿದ್ದೆ. ಒಲೆಯ ಮುಂದಿದ್ದ ನೀಲವ್ವ ತಿರುಗಿ ನೋಡಿದಳು.

"ಬರೂ ವಾರ ರೊಟ್ಟಿ ಪಂಚಮಿ. ಈ ಮನಿಯಿಂದ ಯಾವತ್ತರ ಯಾರ ಮನಿಗರ ರೊಟ್ಟಿ ಬೀರೀರೇನ?"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಕಡೆಯಿಂದ ಈ ಕೆಲಸಕ್ಕೆ ಬಂದವರಿಗೆ ಹೇಳುತ್ತೇನೆ. ನಾಗರ ಪಂಚಮಿಗೆ ಮುಂಚೆ ಒಂದು ದಿನ ರೊಟ್ಟಿಯ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಕಾಳಿನ ಪಲ್ಯ, ಚಟ್ನಿ ತಾಟಿನಲ್ಲಿಟ್ಟು ಹೆಣ್ಣುಮಕ್ಕಳು ನೆರೆಹೊರೆಗೆ ಹಂಚುತ್ತಾರೆ. ಅದನ್ನೇ ಬೀರುವುದು ಎನ್ನುತ್ತಾರೆ. ಕೊಟ್ಟ ಮನೆಗೆ ಅವರೂ ಬೀರುತ್ತಾರೆ. ಬಂದ ತಾಟನ್ನು ಖಾಲಿ ಕಳಿಸುವುದು ನಮ್ಮಲ್ಲಿ ಇಲ್ಲ. ನಾವು ಕ್ರೈಸ್ತರು ಪಂಚಮಿ ಮಾಡುವುದಿಲ್ಲ, ಆದರೆ ರೊಟ್ಟಿ ಎಲ್ಲರ ಮನೆಯಿಂದ ನಮಗೂ ಬರುತ್ತದೆ, ನಮ್ಮಿಂದಲೂ ಹೋಗುತ್ತದೆ. ನನ್ನ ಹೆಂಡತಿ ಪ್ರತಿ ವರ್ಷ ಬೀರುತ್ತಾಳೆ. ಆದರೆ ಇಷ್ಟು ವರ್ಷದಲ್ಲಿ ಪಾದ್ರಿ ಮನಿಗೆ ಒಂದು ರೊಟ್ಟಿಯೂ ಬಂದಿರಲಿಲ್ಲ. ಅದು ಒಂದು ಮನೆ ಎಂದು ಓಣಿಯವರಿಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

"ಬೀರೂದಾ?" ಎಸ್ತೇರಮ್ಮ ಸೌಟು ಕೆಳಗಿಟ್ಟರು. "ಉಳದದ್ದು ಒಂದ ಚೀಲ ಜ್ವಾಳ. ಅದನ್ನೂ ಮಂದಿಗಿ ಹಂಚಿ ಆಮ್ಯಾಲ ಏನ ತಿನ್ನೂದು? ತಾಟ ತಿನ್ನೂದೇನ ಶಾಮೇಲಣ್ಣ?"

"ನಾ ಏನೂ ಅಂದಿಲ್ರಿ, ನೀಲವ್ವ ಅಂದಾಳ."

"ನಿನ್ನ ಮುಖಾನ ಹೇಳತೈತಿ."

ನಾನು ಪಾಸ್ಟರ್ ಅವರ ಹತ್ತಿರ ಹೋದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಆಮೇಲೆ, "ಮಾಡ್ರಿ. ಆದ್ರ ಪಾಸ್ಟರ್ ಹೂಂ ಅಂದಾರ ಅಂತ ಎಸ್ತೇರಮ್ಮಗ ಹೇಳಬ್ಯಾಡ್ರಿ" ಅಂದರು.

ಎರಡು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕೈ ನಡುಗುವ ಅಜ್ಜಿಯರು, ಹೆಸರು ಮರೆತವರು, ಮೂರು ವರ್ಷದಿಂದ ಯಾರೊಂದಿಗೂ ಮಾತಾಡದ ಒಬ್ಬಳು, ಎಲ್ಲರೂ ಸಾಲಾಗಿ ಕುಳಿತರು. ತಮ್ಮ ಹೆಸರು ಮರೆತಿದ್ದರೂ ಅವರ ಅಂಗೈ ರೊಟ್ಟಿಯನ್ನು ಮರೆತಿರಲಿಲ್ಲ. ಗಂಡಸರು ಒಲೆ ಉರಿ ಹಾಕಿದರು, ಎಳ್ಳು ಆರಿಸಿದರು. ಇಪ್ಪತ್ತೆರಡು ವರ್ಷ ಮಗ್ಗದ ಮನೆಯಲ್ಲಿದ್ದೆನಲ್ಲ, ಆ ಪಟಪಟ ಸದ್ದು ಕೇಳಿ ನನಗೆ ಊರು ಮತ್ತೆ ಶುರುವಾಯಿತು ಅನ್ನಿಸಿತು. ಚೀಲ ಖಾಲಿಯಾಯಿತು. ಎಸ್ತೇರಮ್ಮ ಅದನ್ನು ಕೊಡವಿ, ಮಡಚಿ, ನನ್ನ ಕೈಗೆ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ನಾನು ಮೂರು ತಪ್ಪು ಮಾಡಿದೆ. ಮೊದಲನೆಯದು, ಕಾರ್ಯದರ್ಶಿ ಸಾಹೇಬರ ಬಣ್ಣದ ಕರಪತ್ರವನ್ನು ಪ್ರತಿ ತಾಟಿನಲ್ಲಿ ರೊಟ್ಟಿಯ ಕೆಳಗೆ ಇಟ್ಟೆ. ನೀಲವ್ವ ಒಂದೊಂದೇ ಎಳೆದು ತೆಗೆದಳು.

"ಲೇ ಶಾಮ್ಯಾ, ರೊಟ್ಟಿ ಕೆಳಗ ಚೀಟಿ ಇಟ್ರ ಅದು ರೊಟ್ಟಿ ಅಲ್ಲ, ನೋಟೀಸು! ಬೀರಾಕ ಹೊಂಟೀಯೋ, ವಸೂಲಿಗಿ ಹೊಂಟೀಯೋ?"

ಕರಪತ್ರಗಳು ಒಲೆಗೆ ಹೋದವು. ಚೆನ್ನಾಗಿ ಉರಿದವು.

ಎರಡನೆಯದು, ತಾಟು ಎತ್ತಿಕೊಂಡು ನಾನೇ ಹೊರಟೆ. ಹಿಂದಿನ ಓಣಿಯ ಮೂಲೆಮನೆಯ ಶಾಂತಕ್ಕ ಬಾಗಿಲು ತೆಗೆದು, ನನ್ನನ್ನೂ ತಾಟನ್ನೂ ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡಳು.

"ಅಯ್ಯ, ಗಂಡಸರು ಯಾವತ್ತಿಂದ ರೊಟ್ಟಿ ಬೀರಾಕತ್ತೀರಿ? ನಿಮ್ಮ ಮನ್ಯಾಗ ಹೆಣಮಕ್ಕಳಿಲ್ಲೇನ್ರಿ?"

"ಅದಾರಲ್ರಿ, ಹನ್ನೊಂದ ಮಂದಿ!"

"ಹಂಗಾರ ಅವರನ್ನ ಕಳಸ್ರಿ. ನಿಮ್ಮ ಕೈಯಾಗಿನ ತಾಟ ನಾ ಇಸಗೊಂಡ್ರ ನಮ್ಮತ್ತಿ ನಗತಾಳ."

ನಾನು ತಾಟು ಹೊತ್ತು ತಿರುಗಿ ಬಂದೆ. ಆಮೇಲೆ ಅಜ್ಜಿಯರೇ ತಲೆ ಬಾಚಿಕೊಂಡು, ಇಬ್ಬಿಬ್ಬರಾಗಿ, ತಾಟಿಗೆ ಬಟ್ಟೆ ಮುಚ್ಚಿ ಹೊರಟರು. ಆ ಮುಂಬಾಗಿಲಿನಿಂದ ಅವರು ಅಷ್ಟು ನೆಟ್ಟಗೆ ಹೋದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಬೀರಲು ಬೇರೆ ತಾಟುಗಳು ಎಲ್ಲಿದ್ದವು? ಮನೆಯವರು ಉಣ್ಣುವ ತಾಟುಗಳನ್ನೇ ತೊಳೆದು ಕೊಟ್ಟಿದ್ದೆ. ನಾನು ತಿಳಿದದ್ದು, ಜನ ಅಲ್ಲೇ ರೊಟ್ಟಿ ತೆಗೆದುಕೊಂಡು, ಅವರ ರೊಟ್ಟಿ ಇಟ್ಟು, ತಾಟು ಕೊಡುತ್ತಾರೆ ಎಂದು. ಆದರೆ ಮೊದಲ ಸಲ ಬೀರಿದ ಮನೆಗೆ ಯಾರೂ ಅವಸರದಲ್ಲಿ ತುಂಬಿ ಕಳಿಸುವುದಿಲ್ಲವಂತೆ, ತಾವೇ ಹೊತ್ತು ಬರುತ್ತಾರಂತೆ. ಇದು ನಮ್ಮ ಹೆಂಗಸರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಪ್ರತಿ ಮನೆಯಲ್ಲೂ, "ಇಡ್ರಿ ಆಯಿ, ತಾಟ ಆಮ್ಯಾಲ ತರತೀವಿ" ಅಂದರು. ಮಧ್ಯಾಹ್ನ ಊಟದ ಗಂಟೆ ಬಾರಿಸಿದಾಗ ಮನೆಯಲ್ಲಿ ಒಂದು ತಾಟೂ ಇರಲಿಲ್ಲ. ಎಲ್ಲರೂ ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ ಇಟ್ಟುಕೊಂಡು, ನಿಂತು ಉಂಡರು.

"ಜ್ವಾಳಾನೂ ಹೋತು, ತಾಟೂ ಹೋದವು" ಅಂದರು ಎಸ್ತೇರಮ್ಮ. "ಇನ್ನ ಗಾಡಿ ಬಂದ್ರ ಹತ್ತಸಾಕ ಸಾಮಾನಾದ್ರೂ ಕಡಿಮಿ ಆತು ಬಿಡು."

ಮೂರು ಗಂಟೆ ಆಯಿತು, ಯಾರೂ ಬರಲಿಲ್ಲ. ನಾಲ್ಕಾಯಿತು. ನಾನು ಬಾಗಿಲಲ್ಲಿ ನಿಂತು, ಕುಳಿತು, ಮತ್ತೆ ನಿಂತೆ. ನನ್ನ ಹೆಮ್ಮೆ ಅಂದು ಎಲ್ಲಿತ್ತೋ ಗೊತ್ತಿಲ್ಲ. ನೀಲವ್ವ ಮಾತ್ರ ಕಂಬಕ್ಕೆ ಒರಗಿ ಕುಳಿತು, "ಹಬ್ಬದ ಮನಿ. ಹೆಣಮಕ್ಕಳಿಗಿ ಕೆಲಸ ಇರತೈತಿ" ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ಶಾಂತಕ್ಕ ಬಂದಳು, ಅತ್ತೆಯನ್ನೂ ಕರೆದುಕೊಂಡು. ನಮ್ಮ ತಾಟಿನಲ್ಲಿ ಅಲ್ಲ, ಬುಟ್ಟಿಯಲ್ಲಿ ರೊಟ್ಟಿ. ನಮ್ಮ ತಾಟಿನಲ್ಲಿ ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಒಳಗೆ ಕಾಲಿಟ್ಟವಳು ನೀಲವ್ವನನ್ನು ನೋಡಿ ನಿಂತುಬಿಟ್ಟಳು. ಬೆಳಿಗ್ಗೆ ಅವಳ ಮನೆಗೆ ಹೋದವರು ಬೇರೆಯವರು.

"ನೀ ಕಂಡಕಿ ನೀಲವ್ವ ಅಲ್ಲೇನಬೇ? ಬನಹಟ್ಟ್ಯಾಗ ನಮ್ಮ ಅವ್ವನ ಮಗ್ಗಕ್ಕ ಕಂಡಕಿ ಸುತ್ತತಿದ್ದಿ!"

ನೀಲವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರ, ಶಾಂತೀನಾ? ಮೂಗ ಸೋರಸ್ಕೋತ ನನ್ನ ನೂಲ ಸಿಕ್ಕ ಮಾಡತಿದ್ದಿ. ಈಗರ ಮೂಗ ಒರಸ್ಕೊಳ್ಳಾಕ ಕಲತೀಯೋ ಇಲ್ಲೋ?"

ಶಾಂತಕ್ಕ ನಗುತ್ತ ಹೋಗಿ ಅವಳ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು. "ದಿನಾ ಈ ದಾರ್ಯಾಗ ನೀರಿಗಿ ಹೋಗತೀನಿ. ಒಳಗ ಯಾರ ಅದಾರು ಅಂತ ಒಮ್ಮೆರ ಹಣಿಕಿ ನೋಡಲಿಲ್ಲ ನೋಡಬೇ ನಾ."

ಅವಳ ಹಿಂದೆಯೇ ಬೇರೆ ಮನೆಗಳವರು ಬಂದರು. ಪಂಚಮಿಯ ದಿನ ಹಬ್ಬ ಮಾಡುವವರು ಒಲೆಯ ಮೇಲೆ ಹಂಚು ಇಡುವುದಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲೂ ಮುಂಚೆಯೇ ರಾಶಿ ರೊಟ್ಟಿ ಬಡಿದಿರುತ್ತಾರೆ. ಆ ರಾಶಿಯಿಂದ ಎಲ್ಲರೂ ಎತ್ತಿ ತಂದರು. ಬುಟ್ಟಿ ತುಂಬಿತು, ಹಾಸಿಗೆಯ ಚಾದರದಲ್ಲಿ ಕಟ್ಟಿ ಜಂತಿಗೆ ನೇತು ಹಾಕಿದೆವು, ಅದೂ ತುಂಬಿತು. ಕೊನೆಗೆ ಪ್ರಾರ್ಥನೆಯ ಕೋಣೆಯಲ್ಲಿ ಮೇಜಿನ ಮೇಲೆಯೂ ರೊಟ್ಟಿ. ಮರುದಿನ ಪಾಸ್ಟರ್ ಅವರು ಬಂದು ತಮ್ಮ ಪುಸ್ತಕ ಇಡಲು ಜಾಗ ಹುಡುಕಿದರು. ಸಜ್ಜೆ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ನಾ ಹೂಂ ಅಂದಿದ್ದೆ, ಎಸ್ತೇರಮ್ಮ" ಅಂದರು. ಈಗ ಹೇಳಲು ಅವರಿಗೆ ಧೈರ್ಯ ಬಂದಿತ್ತು.

ಆದರೆ ಒಂದು ರಾಶಿ ರೊಟ್ಟಿಯಿಂದ ಮನೆ ಉಳಿಯುವುದಿಲ್ಲ. ಉಳಿಸುವ ದಾರಿ ಹಾಕಿದವಳು ಶಾಂತಕ್ಕ. ಮೂರು ಓಣಿಯ ಹೆಂಗಸರನ್ನು ನಮ್ಮ ಪಡಸಾಲೆಯಲ್ಲಿ ಕೂಡಿಸಿ, ವಾರಕ್ಕೊಂದು ದಿನ ಒಂದೊಂದು ಓಣಿಯ ಪಾಳಿ ಎಂದು ಹಂಚಿದಳು. "ದುಡ್ಡ ಕೊಡಾಕ ಯಾರ ಕಡೇನೂ ಇಲ್ಲ. ಹತ್ತ ಬಡಿಯೂವಲ್ಲಿ ಹನ್ನೊಂದ ಬಡದ್ರ ಯಾರ ಕೈಯೂ ಸವಿಯಂಗಿಲ್ಲ." ಎರಡು ವಾರದಲ್ಲಿ ಇನ್ನೂ ನಾಲ್ಕು ಓಣಿಯವರು, ತಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಜಗಳಕ್ಕೇ ಬಂದರು. ನಮ್ಮ ಕಡೆಯಿಂದಲೂ ಒಂದು ತಾಟೂ ಖಾಲಿ ಹೋಗಲಿಲ್ಲ. ನೀಲವ್ವನ ಶೇಂಗಾ ಚಟ್ನಿ, ಹಿತ್ತಲಿನ ಮರದ ನಿಂಬೆಯ ಉಪ್ಪಿನಕಾಯಿ, ಆರಿಸಿ ಹಸನು ಮಾಡಿದ ಅವರದೇ ಮನೆಯ ಕಾಳು, ಏನಾದರೂ ಒಂದು ಹೋಗುತ್ತಿತ್ತು. ನನ್ನ ಚಂದಾದ ಕೆಲಸ ತಾಟು ಹೊರುವ ಕೆಲಸವಾಯಿತು. ವಾರದ ದಿನ ಗಂಡಸರು ಹೊತ್ತರೆ ಶಾಂತಕ್ಕನ ಅತ್ತೆ ನಗುವುದಿಲ್ಲ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ.

ಗಾಡಿಯ ದಿನ ಗೊತ್ತುಮಾಡಲು ಜಯಕರ ಸಾಹೇಬರು ಬಂದರು. ನೇತು ಹಾಕಿದ ಗಂಟುಗಳನ್ನು ತಲೆ ಎತ್ತಿ ನೋಡಿದರು. ಎಲ್ಲ ಕೇಳಿದರು. ಖುಷಿಯೂ ಆಯಿತು, ತಲೆಯನ್ನೂ ಕೆರೆದುಕೊಂಡರು.

"ಇದೆಲ್ಲಾ ಭಾಳ ಛಲೋ ಅದ, ಶಾಮೇಲಪ್ಪ. ಆದ್ರ ಬೋರ್ಡಿಗೆ ನಾ ಏನಂತ ಬರೀಲಿ? ‘ಓಣಿ ಹೆಣ್ಣುಮಕ್ಕಳು ರೊಟ್ಟಿ ಕೊಡಲಿಕ್ಕತ್ತಾರ’ ಅಂತ ಬರದ್ರ ನಗ್ತಾರ. ಒಂದು ಕರಾರು, ಒಂದು ಸಹಿ, ಏನರೆ ಬೇಕಲ್ಲ?"

ನೀಲವ್ವ ಒಳಗೆ ಹೋಗಿ, ಒಂದು ತಾಟು ತುಂಬ ರೊಟ್ಟಿ, ಚಟ್ನಿ ಇಟ್ಟು, ಬಟ್ಟೆ ಕಟ್ಟಿ ತಂದಳು.

"ಸಾಹೇಬ್ರ, ಇದು ನಿಮ್ಮ ಮನಿಗಿ. ನಿಮ್ಮ ಹೆಣ್ತಿ ಕೈಯಾಗ ಕೊಡ್ರಿ."

"ಒಂದೆರಡು ರೊಟ್ಟಿ ಪೇಪರಿನ್ಯಾಗ ಸುತ್ತಿಕೊಡು ಆಯಿ, ಸಾಕು."

"ತಾಟಿನ ಸಮೇತ ಒಯ್ರಿ."

ಆ ತಾಟು ನೀಲವ್ವನದು. ನಮ್ಮ ಮನೆಗೆ ಬರುವಾಗ ಅವಳ ಕೈಯಲ್ಲಿದ್ದ ಒಂದೇ ಸಾಮಾನು ಅದು. ಸಾಹೇಬರು ಅದನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದರು. ಗಾಡಿ ಮುಂದಿನ ಶನಿವಾರ ಎಂದು ಹೇಳಿ ಹೋದರು.

ಅಂದಿನಿಂದ ನೀಲವ್ವ ಬೇರೆ ತಾಟು ಮುಟ್ಟಲಿಲ್ಲ. ಎಸ್ತೇರಮ್ಮ ಕೊಟ್ಟರೆ, "ನನ್ನದು ಬರತೈತಿ" ಎಂದು ಪಾತ್ರೆಯ ಮುಚ್ಚಳದಲ್ಲಿ ಹಾಕಿಸಿಕೊಂಡು ಉಂಡಳು. ಸೋಮವಾರ ಬರಲಿಲ್ಲ. ಬುಧವಾರ ಬರಲಿಲ್ಲ. ಗುರುವಾರ ಎಸ್ತೇರಮ್ಮ ಎಲ್ಲರ ಬಟ್ಟೆ ಗಂಟು ಕಟ್ಟಿಸಲು ಶುರುಮಾಡಿದರು. ನೀಲವ್ವ ತನ್ನ ಗಂಟು ಕಟ್ಟಲು ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಧಾರವಾಡದಿಂದ ಬಂದ ಬಸ್ಸಿನ ಕಂಡಕ್ಟರು ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿಸಿದ. ಹೋದೆ. ಬಟ್ಟೆ ಕಟ್ಟಿದ ತಾಟು ಕೊಟ್ಟು, "ಹುಷಾರ ಒಯ್ಯಾಕ ಹೇಳ್ಯಾರ್ರಿ ಸಾಹೇಬ್ರ ಮನಿ ಬಾಯಾರು. ಅಲ್ಲಿಂದ ಇಲ್ಲೀ ತನಕಾ ತೊಡಿ ಮ್ಯಾಲ ಇಟ್ಕೊಂಡ ಟಿಕೀಟ್ ಹರದೀನಿ" ಅಂದ. ದಾರಿಯಲ್ಲಿ ನಾನು ಬಟ್ಟೆ ಬಿಚ್ಚಲಿಲ್ಲ. ಅದು ನನಗೆ ಬಂದದ್ದಲ್ಲ.

ನೀಲವ್ವ ಪಡಸಾಲೆಯಲ್ಲಿ ಗಂಟು ಬಿಚ್ಚಿದಳು. ತಾಟು ತುಂಬ ಪೇಡೆ. ಬದಿಯಲ್ಲಿ ಮಡಚಿದ ಚೀಟಿ. ಎಸ್ತೇರಮ್ಮ ಅದನ್ನು ತೆಗೆದು ಗಟ್ಟಿಯಾಗಿ ಓದಿದರು. ಸಾಹೇಬರ ಹೆಂಡತಿ ಬರೆದಿದ್ದರು. ‘ತಾಟು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ ಅಮ್ಮ. ನಿಮ್ಮ ತಾಟನ್ನು ನಾನು ದಿನವೂ ಇವರ ಊಟದ ಎದುರು ಇಡುತ್ತಿದ್ದೆ, ಇದರಲ್ಲಿ ಏನು ಕಳಿಸಲಿ ಎಂದು ಕೇಳುತ್ತಿದ್ದೆ. ನಿನ್ನೆ ಬೋರ್ಡಿನ ಸಭೆಯಲ್ಲಿ ಇವರು ಮಾತನಾಡಿದರು. ಬೋರ್ಡು ಕಟ್ಟಡ ಮತ್ತು ಔಷಧ ನೋಡಿಕೊಳ್ಳುತ್ತದೆ, ಊಟ ನಿಮ್ಮ ಓಣಿಯವರದು. ಗಾಡಿ ಬರುವುದಿಲ್ಲ.’

ಯಾರೋ ಅತ್ತರು, ಯಾರೋ ಪೇಡೆಗೆ ಕೈ ಹಾಕಿದರು. ಎಸ್ತೇರಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದರು, ಈ ಸಲ ತಮಗಾಗಿ. ನೀಲವ್ವ ಪೇಡೆಯನ್ನೆಲ್ಲ ಹಂಚಿ ಮುಗಿಸಿ, ಶಾಂತಕ್ಕನ ಓಣಿಗೆ ಎಂದು ಒಂದಿಷ್ಟು ಎತ್ತಿಟ್ಟಳು. ಆಮೇಲೆ ನಳದ ಹತ್ತಿರ ಕುಳಿತು ತನ್ನ ತಾಟನ್ನು ಬೂದಿ ಹಾಕಿ ತಿಕ್ಕಿ ತೊಳೆದಳು, ಸೆರಗಿನಿಂದ ಒರೆಸಿದಳು, ತಂದು ಎಸ್ತೇರಮ್ಮನ ಮುಂದೆ ಹಿಡಿದಳು.

"ಹಸದೇನಿ. ನೀಡು" ಅಂದಳು.